ಜಡಿಮಳೆಯಲ್ಲಿ ಲಾರಿ ದಾಟುವಾಗ ದಾರಿ ಕಾಣುವಂತೆ ಇಟ್ಟುಕೊಳ್ಳುವುದು ಹೇಗೆ

ಮಳೆಗಾಲದಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲೋ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಲ್ಲೋ ಕಾರು ಓಡಿಸಿದವರಿಗೆ ಈ ಗಳಿಗೆಯ ಪರಿಚಯ ಇದ್ದೇ ಇರುತ್ತದೆ. ಮುಂದೆ ಹೋಗುತ್ತಿರುವ ಟ್ರೈಲರ್‌ನ ಹಿಂದಿನ ಗಾಲಿಗಳ ಸಮಕ್ಕೆ ಕಾರಿನ ಮೂತಿ ಬರುತ್ತಿದ್ದಂತೆ ಗಾಜಿನ ಮೇಲೆ ಕೆಸರುನೀರು ಬಕೆಟ್ಟಿನಿಂದ ಎರಚಿದ ಹಾಗೆ ಬೀಳುತ್ತದೆ. ವೈಪರ್ ಒಮ್ಮೆ ಒರೆಸಿ ಹಿಂದಿರುಗುವಷ್ಟರಲ್ಲಿ ಮತ್ತೊಂದು ಎರಚಲು ಬಿದ್ದಾಗಿರುತ್ತದೆ. ಎಡಗಡೆ ಗಾಲಿಗಳ ಸದ್ದು ಕೇಳಿಸುತ್ತದೆ, ಲಾರಿ ಕಾಣಿಸುವುದಿಲ್ಲ. ಮುಂದೆ ರಸ್ತೆ ನೇರವಾಗಿದೆಯೋ ತಿರುಗಿದೆಯೋ ಎಂಬುದೂ ತಿಳಿಯುವುದಿಲ್ಲ.

ಈ ಕುರುಡು ಗಳಿಗೆಯನ್ನು ಪೂರ್ತಿಯಾಗಿ ತಪ್ಪಿಸುವ ಉಪಾಯ ಯಾವುದೂ ಇಲ್ಲ. ಎಷ್ಟೇ ದುಬಾರಿ ವೈಪರ್ ಹಾಕಿಸಿದರೂ ಗಾಜಿಗೆ ಏನೇ ಬಳಿದರೂ ಎರಡು ಮೂರು ಸೆಕೆಂಡು ಏನೂ ಕಾಣದ ಸ್ಥಿತಿ ಬಂದೇ ಬರುತ್ತದೆ. ನಮ್ಮ ಕೈಯಲ್ಲಿರುವುದು ಎರಡೇ: ಆ ಗಳಿಗೆಯನ್ನು ಆದಷ್ಟು ಚಿಕ್ಕದು ಮಾಡುವುದು, ಮತ್ತು ಅದರೊಳಗೆ ಹೋಗುವ ಮೊದಲೇ ನೋಡಬೇಕಾದ್ದನ್ನೆಲ್ಲ ನೋಡಿ ಮನಸ್ಸಿನಲ್ಲಿಟ್ಟುಕೊಂಡಿರುವುದು. ಕೆಳಗೆ ಹೇಳಿರುವುದೆಲ್ಲ ಈ ಎರಡಕ್ಕೆ ಸಂಬಂಧಿಸಿದ್ದು. ಮುಖ್ಯವಾಗಿ ಕಾರು ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೈಕು, ಸ್ಕೂಟರ್‌ನವರಿಗೆ ಬೇಕಾದ ಮಾತು ಕೊನೆಯಲ್ಲಿದೆ.

ನೀರು ಬರುವುದು ಎಲ್ಲಿಂದ

ಲಾರಿ ಎಬ್ಬಿಸುವ ನೀರಿನಲ್ಲಿ ಎರಡು ಬಗೆಯಿವೆ. ಟೈರು ನೀರಿನ ಮೇಲೆ ಉರುಳಿದಾಗ ಅದರ ಅಡಿಯಿಂದ ಪಕ್ಕಕ್ಕೆ ಚಿಮ್ಮುವ ದಪ್ಪ ಹನಿಗಳ ಎರಚಲು ಒಂದು. ಇದು ಹೆಚ್ಚು ಎತ್ತರಕ್ಕೆ ಏಳುವುದಿಲ್ಲ, ಬೇಗ ನೆಲಕ್ಕೆ ಬೀಳುತ್ತದೆ. ಗಾಜಿನ ಮೇಲೆ ಬಿದ್ದರೂ ವೈಪರ್ ಒಂದೆರಡು ಸಲ ಒರೆಸಿದರೆ ಹೋಗುತ್ತದೆ. ನಿಜವಾಗಿ ಕಾಡುವುದು ಎರಡನೆಯದು. ಟೈರಿನ ಗೀರುಗಳಲ್ಲಿ ಸಿಕ್ಕ ನೀರು ಚಕ್ರದ ಜೊತೆ ಮೇಲಕ್ಕೆದ್ದು, ಮಡ್‌ಗಾರ್ಡ್‌ಗೂ ಲಾರಿಯ ಅಡಿಭಾಗಕ್ಕೂ ಬಡಿದು ಪುಡಿಪುಡಿಯಾಗಿ, ಹೊಗೆಯಂತಹ ತುಂತುರಾಗುತ್ತದೆ. ಲಾರಿಯ ಬದಿಗಳಲ್ಲೂ ಬೆನ್ನ ಹಿಂದೆಯೂ ಸುತ್ತುವ ಗಾಳಿ ಈ ತುಂತುರನ್ನು ಮೇಲೆತ್ತಿ ಹಿಡಿದಿಡುತ್ತದೆ. ಮಂಜಿನಂತೆ ಕಂಡರೂ ಇದು ಮಂಜಲ್ಲ. ಇದರಲ್ಲಿ ಮಣ್ಣು, ಡೀಸೆಲ್ ಮಸಿ, ಟೈರಿನ ಪುಡಿ, ಎಣ್ಣೆಯ ಜಿಡ್ಡು ಎಲ್ಲ ಸೇರಿರುತ್ತವೆ. ಆದ್ದರಿಂದಲೇ ವೈಪರ್ ಒರೆಸಿದ ಮೇಲೂ ಗಾಜಿನ ಮೇಲೆ ಬಿಳಿಚಿದ ಪೊರೆಯೊಂದು ಉಳಿದುಬಿಡುತ್ತದೆ.

ವೇಗ ಹೆಚ್ಚಿದಂತೆ ತುಂತುರು ಬಹಳ ಬೇಗ ಹೆಚ್ಚುತ್ತದೆ. ಘಾಟಿ ಏರುವಾಗ ತೆವಳುವ ಲಾರಿಯ ಚಕ್ರದ ಸುತ್ತ ಸ್ವಲ್ಪ ಕೆಸರು ಹಾರಬಹುದು, ಅಷ್ಟೆ. ಅದೇ ಲಾರಿ ಹಿರಿಯೂರಿನ ಬಯಲಿನಲ್ಲಿ ಅರವತ್ತರ ವೇಗದಲ್ಲಿ ಓಡಿದಾಗ ತುಂತುರು ಅದರ ಟಾರ್ಪಾಲಿನ ಮಟ್ಟಕ್ಕೆ ಏಳುತ್ತದೆ. ಅತಿ ದಟ್ಟವಾಗಿರುವುದು ಹಿಂದಿನ ಗಾಲಿಗಳ ಸಾಲಿನ ಪಕ್ಕದಲ್ಲಿ ಮತ್ತು ಅದರ ಹಿಂದಿನ ಇಪ್ಪತ್ತು ಇಪ್ಪತ್ತೈದು ಮೀಟರಿನಲ್ಲಿ. ಲಾರಿಯ ಹಿಂದೆ ಜೋತಾಡಬೇಕಾದ ರಬ್ಬರ್ ಪರದೆ, ಅಂದರೆ ಮಡ್‌ಫ್ಲ್ಯಾಪ್, ನಮ್ಮಲ್ಲಿ ಅನೇಕ ಲಾರಿಗಳಲ್ಲಿ ಹರಿದು ಅರ್ಧವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಹಿಂದೆ ಹೋಗುವಾಗ ಅದರ ಮೇಲೊಮ್ಮೆ ಕಣ್ಣು ಹಾಯಿಸಿದರೆ ಈ ಲಾರಿಯ ಪಕ್ಕದಲ್ಲಿ ಎಷ್ಟು ನೀರು ಕಾದಿದೆ ಎಂಬ ಅಂದಾಜು ಸಿಗುತ್ತದೆ.

ಹೊರಡುವ ಮೊದಲು: ಗಾಜು ಮತ್ತು ವೈಪರ್

ವೈಪರ್‌ನ ರಬ್ಬರ್ ಹಾಳಾಗುವುದು ಮಳೆಯಿಂದಲ್ಲ, ಬೇಸಿಗೆಯ ಬಿಸಿಲಿನಿಂದ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಅಲ್ಲಾಡದೆ ಕೂತ ರಬ್ಬರ್ ಗಟ್ಟಿಯಾಗಿ, ಅಂಚು ಸೀಳಿಕೊಂಡಿರುತ್ತದೆ; ಮೊದಲ ದೊಡ್ಡ ಮಳೆಯ ದಿನವೇ ಅದು ಕೈಕೊಡುತ್ತದೆ. ಆದ್ದರಿಂದ ಬ್ಲೇಡ್ ಬದಲಿಸಲು ಸರಿಯಾದ ಕಾಲ ಮೇ ಕೊನೆ, ರೋಹಿಣಿ ಮಳೆಗೆ ಮೊದಲು. ವರ್ಷಕ್ಕೊಂದು ಜೊತೆ ಎಂದು ಲೆಕ್ಕವಿಟ್ಟುಕೊಂಡರೆ ಸಾಕು. ಚಾಲಕನ ಕಡೆಯ ಬ್ಲೇಡನ್ನಷ್ಟೇ ಬದಲಿಸಿ ದುಡ್ಡು ಉಳಿಸುವವರಿದ್ದಾರೆ. ಲಾರಿ ದಾಟುವಾಗ ನೀರು ಬಂದು ಬಡಿಯುವುದು ಎಡಗಡೆಯಿಂದ, ಎಡ ಬ್ಲೇಡ್ ಒರೆಸದೆ ಬಿಟ್ಟ ನೀರು ಗಾಳಿಗೆ ಹರಿದು ಬಲಗಡೆಗೇ ಬರುತ್ತದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಬ್ಲೇಡ್ ಹೊಸದಾದರೂ ಗಾಜಿನಲ್ಲಿ ಜಿಡ್ಡಿದ್ದರೆ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ: ಗಾಜಿಗೆ ನೀರು ಹಾಕಿ ವೈಪರ್ ಒಮ್ಮೆ ಓಡಿಸಿ, ಎದುರಿನಿಂದ ಬೆಳಕು ಬೀಳುವಂತೆ ನಿಂತು ನೋಡಬೇಕು. ಒರೆಸಿದ ಜಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಹಾಗೆಯೋ ಹಾಲುಬಣ್ಣದ ಮಬ್ಬಿನಂತೆಯೋ ಒಂದು ಪೊರೆ ಕಾಣಿಸಿಕೊಂಡು ನಿಧಾನವಾಗಿ ಆರಿದರೆ ಅದೇ ಜಿಡ್ಡು. ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿಯನ್ನು ಬಟ್ಟೆಗೆ ಹಾಕಿ ಉಜ್ಜಿ, ಧಾರಾಳವಾಗಿ ನೀರು ಸುರಿದು ತೊಳೆದು, ಆಮೇಲೆ ಹಳೆಯ ವೃತ್ತಪತ್ರಿಕೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಗಾಜಿಗೆಂದೇ ಸಿಗುವ ಪಾಲಿಷ್ ಬಳಸಬೇಕಾಗುತ್ತದೆ. ವೈಪರ್‌ನ ರಬ್ಬರ್ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೆ ಎಳೆಯಬೇಕು; ಬಟ್ಟೆಗೆ ಹತ್ತುವ ಕಪ್ಪು ನೋಡಿದರೆ ಇಷ್ಟು ದಿನ ಗಾಜನ್ನು ಒರೆಸುತ್ತಿತ್ತೋ ಬಳಿಯುತ್ತಿತ್ತೋ ಎಂಬ ಸಂಶಯ ಬರುತ್ತದೆ.

ವೈಪರ್ ಕೆಟ್ಟಾಗ ಗಾಜಿಗೆ ಹೊಗೆಸೊಪ್ಪನ್ನೋ ಅರ್ಧ ಕತ್ತರಿಸಿದ ಆಲೂಗಡ್ಡೆಯನ್ನೋ ಉಜ್ಜುವ ಪದ್ಧತಿ ಹಳೆಯ ಲಾರಿ ಚಾಲಕರಲ್ಲಿ ಇದೆ. ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡುವಂತೆ ಮಾಡುವುದು ಅದರ ಮರ್ಮ. ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಗ್ಯಾರೇಜ್ ತಲುಪಲು ಸಾಕು. ಅಂಗಡಿಯಲ್ಲಿ ಸಿಗುವ ನೀರು ಜಾರಿಸುವ ಲೇಪದ ಮರ್ಮ ಇದಕ್ಕೆ ತದ್ವಿರುದ್ಧ. ಅದು ನೀರನ್ನು ಮಣಿಯಂತೆ ಗುಂಡಾಗಿಸಿ ಗಾಳಿಗೆ ಹಾರಿಹೋಗುವಂತೆ ಮಾಡುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ಒಳ್ಳೆಯದೇ, ಆದರೆ ನಿಧಾನವಾಗಿ ಹೋಗುವಾಗ ಮಣಿಗಳು ಗಾಜಿನ ಮೇಲೇ ಉಳಿದು ರಾತ್ರಿ ಎದುರಿನ ದೀಪಗಳನ್ನು ಚೂರುಚೂರಾಗಿ ತೋರಿಸುತ್ತವೆ. ಘಾಟಿಯಲ್ಲಿ ಹೆಚ್ಚು ಓಡಾಡುವವರಿಗೆ ನಾನು ಅದನ್ನು ಅಷ್ಟಾಗಿ ಹೇಳುವುದಿಲ್ಲ.

ಗಾಜಿಗೆ ನೀರು ಚಿಮ್ಮಿಸುವ ಟ್ಯಾಂಕು ಮಳೆಗಾಲದಲ್ಲಿ ಯಾಕೆ ಬೇಕು ಎಂದು ಕೇಳುವವರೇ ಹೆಚ್ಚು. ಲಾರಿಯ ಕೆಸರು ಬೀಳುವುದು ಮಳೆಗಾಲದಲ್ಲೇ. ಮಳೆ ನಿಂತು ರಸ್ತೆ ಮಾತ್ರ ಒದ್ದೆಯಿರುವಾಗ ಬಿದ್ದ ಕೆಸರನ್ನು ಒಣ ವೈಪರ್ ಎಳೆದರೆ ಗಾಜಿನ ಮೇಲೆ ಸಾರಿಸಿದಂತಾಗಿ ಪೂರ್ತಿ ಮುಚ್ಚಿಹೋಗುತ್ತದೆ. ಟ್ಯಾಂಕು ತುಂಬಿಸಿ, ಚಿಮ್ಮುವ ರಂಧ್ರ ಕಟ್ಟಿಕೊಂಡಿದ್ದರೆ ಸೂಜಿಯಿಂದ ಬಿಡಿಸಿ, ನೀರು ಗಾಜಿನ ನಡುಮಟ್ಟಕ್ಕೆ ಬೀಳುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಟೈರಿಗೂ ಕಾಣುವುದಕ್ಕೂ ಏನು ಸಂಬಂಧ ಎನಿಸಬಹುದು. ಸಂಬಂಧ ನೇರವಾಗಿದೆ: ದಾಟುವಾಗ ನೀರು ನಿಂತ ಜಾಗದ ಮೇಲೆ ವೇಗ ಹೆಚ್ಚಿಸಬೇಕಾಗುತ್ತದೆ, ಏನೂ ಕಾಣದ ಎರಡು ಸೆಕೆಂಡು ಕಾರು ತಾನಾಗಿ ನೇರ ಹೋಗಬೇಕಾಗುತ್ತದೆ. ಗ್ರಿಪ್ ಸವೆದ ಟೈರು ನೀರಿನ ಮೇಲೆ ತೇಲಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಟೈರಿನ ಗೀರುಗಳ ನಡುವೆ ಇರುವ ಸವೆತದ ಗುರುತು 1.6 ಮಿಲಿಮೀಟರ್ ಮಟ್ಟದ್ದು. ಅಲ್ಲಿಯವರೆಗೆ ಕಾಯದೆ 3 ಮಿಲಿಮೀಟರ್ ಉಳಿದಿರುವಾಗಲೇ ಮಳೆಗಾಲಕ್ಕೆ ಟೈರು ಬದಲಿಸುವುದು ಜಾಣತನ.

ಗಾಜಿನ ಒಳಗಿನ ಮಬ್ಬು

ಲಾರಿ ದಾಟುವ ನಡುವಿನಲ್ಲಿ ಒಳಗಿನಿಂದ ಗಾಜು ಮಬ್ಬಾದರೆ ಒಂದು ಕೈ ಬಟ್ಟೆ ಹುಡುಕುತ್ತದೆ. ಅದಕ್ಕಿಂತ ಕೆಟ್ಟ ಸನ್ನಿವೇಶ ಇನ್ನೊಂದಿಲ್ಲ. ಮಬ್ಬಾಗುವುದು ನಮ್ಮ ಉಸಿರು, ಒದ್ದೆ ಬಟ್ಟೆ, ಕಾಲಡಿಯ ಮ್ಯಾಟ್, ಮಡಚಿಟ್ಟ ಕೊಡೆಗಳ ತೇವದಿಂದ. ಚಳಿಯಾಗುತ್ತದೆ ಎಂದು ಎಸಿ ಆರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಎಸಿ ಇರುವುದು ಬರೇ ತಂಪಿಗಲ್ಲ, ಅದು ಗಾಳಿಯ ತೇವವನ್ನು ಹೀರುತ್ತದೆ. ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಆಫ್ ಮಾಡಿ ಹೊರಗಿನ ಗಾಳಿ ಬರಲು ಬಿಟ್ಟು, ಗಾಳಿಯ ದಿಕ್ಕನ್ನು ಮುಂದಿನ ಗಾಜಿಗೆ ತಿರುಗಿಸಿ, ಉಷ್ಣತೆಯನ್ನು ಸ್ವಲ್ಪ ಏರಿಸಿಟ್ಟರೆ ಗಾಜು ಒಣಗಿರುತ್ತದೆ, ಚಳಿಯೂ ಆಗುವುದಿಲ್ಲ.

ಕರಾವಳಿಯಲ್ಲಿ ಇದರ ಮಗ್ಗುಲಿಗೆ ಮತ್ತೊಂದು ತೊಂದರೆಯಿದೆ. ಎಸಿಯನ್ನು ತೀರಾ ತಂಪಿಗೆ ಇಟ್ಟರೆ ಗಾಜು ತಣ್ಣಗಾಗಿ, ಹೊರಗಿನ ಸೆಕೆಯ ತೇವ ಗಾಜಿನ ಹೊರಮೈ ಮೇಲೆ ಕೂರುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗದು, ವೈಪರ್ ಓಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಹಾಗಾದಾಗ ಗಾಜಿನ ಕಡೆಯ ಗಾಳಿ ಕಡಿಮೆ ಮಾಡಿ ಉಷ್ಣತೆಯನ್ನು ಏರಿಸಬೇಕು. ಮಬ್ಬು ಯಾವ ಮೈಯಲ್ಲಿದೆ ಎಂದು ಬೆರಳು ತಾಗಿಸಿ ತಿಳಿದುಕೊಳ್ಳುವುದು ಮೊದಲ ಕೆಲಸ. ಹಿಂದಿನ ಗಾಜಿಗೆ ಬಿಸಿತಂತಿ ಇದ್ದರೆ ಅದನ್ನೂ ಹಾಕಿಡಬೇಕು. ಲಾರಿಯನ್ನು ದಾಟಿ ಎಡಕ್ಕೆ ಬರುವಾಗ ಅದರ ಬೆಲೆ ತಿಳಿಯುತ್ತದೆ.

ದೀಪಗಳು

ಹಗಲಾದರೂ ಹೆಡ್‌ಲೈಟ್ ಹಾಕಬೇಕು, ಡಿಪ್‌ನಲ್ಲೇ ಇರಬೇಕು. ಹೈಬೀಮ್ ಹಾಕಿದರೆ ಬೆಳಕು ತುಂತುರಿಗೆ ಬಡಿದು ನಮ್ಮ ಕಣ್ಣಿಗೇ ವಾಪಸಾಗಿ ಎದುರಿಗೆ ಬಿಳಿಗೋಡೆ ಎದ್ದಂತಾಗುತ್ತದೆ. ಈಚಿನ ಕಾರುಗಳಲ್ಲಿ ಹಗಲಿನಲ್ಲಿ ತಾನಾಗಿ ಉರಿಯುವ ಮುಂದಿನ ಪಟ್ಟಿದೀಪ ನಂಬಿ ಹೆಡ್‌ಲೈಟ್ ಹಾಕದೆ ಹೋಗುವವರು ಬಹಳ. ಅನೇಕ ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. ನೀವು ಲಾರಿಯ ತುಂತುರಿನೊಳಗೆ ಹೊಕ್ಕಾಗ ಹಿಂದಿನಿಂದ ಬರುವವನಿಗೆ ನಿಮ್ಮ ಗುರುತು ಸಿಗುವುದು ಆ ಕೆಂಪು ದೀಪದಿಂದ ಮಾತ್ರ.

ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವ ಚಾಳಿ ನಮ್ಮಲ್ಲಿ ಮಳೆ ಬಂದ ಕೂಡಲೇ ಶುರುವಾಗುತ್ತದೆ. ಅದು ನಿಂತ ವಾಹನದ ಗುರುತು. ಓಡುತ್ತಿರುವಾಗ ಹಾಕಿದರೆ ಬಲಕ್ಕೆ ಬರುತ್ತೀರೋ ಎಡಕ್ಕೆ ಹೋಗುತ್ತೀರೋ ಎಂದು ತಿಳಿಸಲು ಬೇರೆ ದೀಪವೇ ಉಳಿಯುವುದಿಲ್ಲ.

ಹಿಂದೆ ಸರಿದು ನೋಡುವುದು

ಲಾರಿ ದಾಟುವ ಕೆಲಸ ಶುರುವಾಗಬೇಕಾದ್ದು ಲಾರಿಯಿಂದ ದೂರ ಸರಿಯುವುದರಿಂದ. ಒಣರಸ್ತೆಯಲ್ಲಿ ಎರಡು ಸೆಕೆಂಡಿನ ಅಂತರ ಸಾಕಾದರೆ ಮಳೆಯಲ್ಲಿ ಕಡಿಮೆಯೆಂದರೆ ನಾಲ್ಕು ಸೆಕೆಂಡಿನದು ಬೇಕು. ಲಾರಿಯ ಹಿಂದೆ ಅದನ್ನೂ ಮೀರಿ, ತುಂತುರು ತೆಳ್ಳಗಾಗಿ ವೈಪರ್ ಅನ್ನು ಒಂದು ಹಂತ ಇಳಿಸಿದರೂ ನಡೆಯುತ್ತದೆ ಎನ್ನುವಷ್ಟು ಹಿಂದಕ್ಕೆ ಬರಬೇಕು. ಹತ್ತಿರ ಹೋದಷ್ಟೂ ದಾಟಲು ಅನುಕೂಲ ಎಂಬ ಭಾವನೆ ತಪ್ಪು. ಲಾರಿಯ ಬಾಲಕ್ಕೆ ಅಂಟಿಕೊಂಡವನಿಗೆ ಕಾಣುವುದು ಅದರ ಹಿಂಬಾಗಿಲು ಮತ್ತು ‘ಸೌಂಡ್ ಹಾರ್ನ್’ ಎಂಬ ಬರಹ ಮಾತ್ರ. ಹಿಂದೆ ಸರಿದವನಿಗೆ ಲಾರಿಯ ಎರಡೂ ಪಕ್ಕದ ರಸ್ತೆ ಕಾಣುತ್ತದೆ. ಲಾರಿ ಚಾಲಕನಿಗೂ ಆಗಲೇ ನೀವು ಕನ್ನಡಿಯಲ್ಲಿ ಕಾಣುವುದು. ಅವನ ಕನ್ನಡಿಯೂ ಒದ್ದೆಯಾಗಿರುತ್ತದೆ ಎಂಬುದನ್ನು ಮರೆಯಬಾರದು.

ಅಷ್ಟು ದೂರದಲ್ಲಿ ಇದ್ದುಕೊಂಡು ರಸ್ತೆಯನ್ನು ಓದಬೇಕು. ಬಲತಿರುವಿನಲ್ಲಿ ಲಾರಿಯ ಬಲಪಕ್ಕ, ಎಡತಿರುವಿನಲ್ಲಿ ಅದರ ಎಡಪಕ್ಕ ತೆರೆದುಕೊಂಡು ಮುಂದೆ ಏನಿದೆ ಎಂದು ತೋರಿಸುತ್ತವೆ. ಈ ಲಾರಿಯ ಮುಂದೆ ಇನ್ನೊಂದು ಲಾರಿ ಇದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಇದ್ದರೆ ನೀವು ದಾಟಬೇಕಾದ್ದು ಒಂದಲ್ಲ ಎರಡು. ನಡುವೆ ನುಸುಳಲು ಜಾಗವಿಲ್ಲದಿದ್ದರೆ ಎರಡನೆಯದರ ತುಂತುರಿನಲ್ಲಿ ಸಿಕ್ಕಿಬೀಳುತ್ತೀರಿ. ಮಳೆಯೂ ಒಂದೇ ಸಮ ಸುರಿಯುವುದಿಲ್ಲ. ಪುಷ್ಯ ಮಳೆಯ ಅಬ್ಬರದಲ್ಲೂ ಎರಡು ಹೊಯ್ಲುಗಳ ನಡುವೆ ಒಂದೆರಡು ನಿಮಿಷದ ಬಿಡುವು ಸಿಗುತ್ತದೆ. ಆ ಬಿಡುವಿಗೆ ಕಾಯುವವನೇ ಸುಖವಾಗಿ ದಾಟುತ್ತಾನೆ.

ಸ್ವಲ್ಪ ಲೆಕ್ಕ

ನಾಲ್ಕು ಪಥದ ರಸ್ತೆಯಲ್ಲಿ 16 ಮೀಟರ್ ಉದ್ದದ ಟ್ರೈಲರ್ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಅದರ ಹಿಂದೆ 25 ಮೀಟರ್ ದಟ್ಟ ತುಂತುರಿದೆ ಎಂದುಕೊಳ್ಳೋಣ. ನೀವು ಮಬ್ಬಿನಲ್ಲಿ ಸಾಗಬೇಕಾದ್ದು ಲಾರಿಗೆ ಹೋಲಿಸಿ 41 ಮೀಟರ್. ನೀವು 60ರಲ್ಲಿ ಹೋದರೆ ಆ 41 ಮೀಟರಿಗೆ ಸುಮಾರು 15 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ರಸ್ತೆಯ ಮೇಲೆ 250 ಮೀಟರ್ ಹತ್ತಿರ ಕ್ರಮಿಸಿರುತ್ತೀರಿ. 70ರಲ್ಲಿ ಹೋದರೆ ಏಳೂವರೆ ಸೆಕೆಂಡಿಗೂ ಕಡಿಮೆ, ಸುಮಾರು 145 ಮೀಟರ್. ಹತ್ತು ಕಿಲೋಮೀಟರ್ ವೇಗದ ವ್ಯತ್ಯಾಸ ಕುರುಡು ಗಳಿಗೆಯನ್ನು ಅರ್ಧಕ್ಕೆ ಇಳಿಸುತ್ತದೆ.

ಹಾಗೆಂದು ವೇಗ ಏರಿಸಿದರಾಯಿತು ಎಂದಲ್ಲ. ಇದನ್ನು ತಿರುಗಿಸಿ ಓದಬೇಕು: ಲಾರಿಯ ವೇಗಕ್ಕೆ ಇಪ್ಪತ್ತು ಕೂಡಿಸಿದಾಗ ಬರುವ ವೇಗದಲ್ಲಿ ಈ ನೀರಿನ ಮೇಲೆ ನಿಮ್ಮ ಕಾರು ನೆಮ್ಮದಿಯಾಗಿ ಓಡುವಂತಿದ್ದರೆ ಮಾತ್ರ ದಾಟಬೇಕು. ಲಾರಿ 65ರಲ್ಲಿ ಓಡುತ್ತಿದ್ದರೆ ಉತ್ತರ ಆಗಲೇ ಸಿಕ್ಕಂತಾಯಿತು, ಹಿಂದೆಯೇ ಇರಬೇಕು.

ಎರಡು ಪಥದ ರಸ್ತೆಯ ಲೆಕ್ಕ ಇನ್ನೂ ಕಠಿಣ. ಲಾರಿ 40, ನೀವು 60, ಹಿಂದೆ ಮುಂದೆ 25 ಮೀಟರ್ ಬಿಟ್ಟು ದಾಟುವುದಾದರೆ ಹನ್ನೆರಡೂವರೆ ಸೆಕೆಂಡು, 210 ಮೀಟರ್ ರಸ್ತೆ ಬೇಕು. ಎದುರಿನಿಂದ 60ರಲ್ಲಿ ಬರುವ ಬಸ್ಸು ಅಷ್ಟೇ ಹೊತ್ತಿನಲ್ಲಿ ಇನ್ನೊಂದು 210 ಮೀಟರ್ ಹತ್ತಿರ ಬರುತ್ತದೆ. ಒಟ್ಟು 420 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಹೆದ್ದಾರಿಯ ಬದಿಯಲ್ಲಿ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳಿರುತ್ತವೆ. ಜಡಿಮಳೆಯಲ್ಲಿ ಅವುಗಳಲ್ಲಿ ಮುಂದಿನ ಒಂದೂ ಕಾಣುವುದಿಲ್ಲ, ಎರಡು ಕಾಣುವ ಮಾತೆಲ್ಲಿ ಬಂತು. ಆದ್ದರಿಂದ ಎರಡು ಪಥದ ರಸ್ತೆಯಲ್ಲಿ, ಮಳೆ ಜೋರಾಗಿರುವಾಗ, ಓಡುತ್ತಿರುವ ಲಾರಿಯನ್ನು ದಾಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ರಸ್ತೆ ಸ್ಪಷ್ಟವಾಗಿ ಕಾಣದ ಕಡೆ ಓವರ್‌ಟೇಕ್ ಮಾಡಬಾರದೆಂಬುದು ಕಾನೂನು ಕೂಡ.

ದಾಟುವ ಕ್ರಮ

ಮುಂದಿನದು ನಡುವೆ ವಿಭಜಕವಿರುವ ರಸ್ತೆಗೆ ಅನ್ವಯಿಸುವ ಕ್ರಮ. ದೂರದಲ್ಲಿರುವಾಗಲೇ ಮೂರು ಕನ್ನಡಿಗಳನ್ನೂ ನೋಡಿ, ಬಲ ಇಂಡಿಕೇಟರ್ ಹಾಕಿ, ಲಾರಿಯ ತುಂತುರು ಶುರುವಾಗುವ ಮೊದಲೇ ಬಲಪಥಕ್ಕೆ ಬರಬೇಕು. ಲಾರಿಯ ಬೆನ್ನಿಗೆ ಹೋಗಿ ಅಲ್ಲಿಂದ ಥಟ್ಟನೆ ಬಲಕ್ಕೆ ಎಳೆಯುವವನು ಮಬ್ಬಿನ ಒಳಗೇ ಪಥ ಬದಲಿಸುತ್ತಾನೆ; ಹಿಂದೆ ಬರುವ ಬಸ್ಸು ಅವನಿಗೆ ಕಾಣುವುದಿಲ್ಲ, ಬಸ್ಸಿಗೆ ಅವನೂ ಕಾಣುವುದಿಲ್ಲ. ಬಲಪಥಕ್ಕೆ ಬಂದ ಮೇಲೆ ಒಂದೆರಡು ಸಲ ಡಿಪ್ಪರ್ ಹೊಡೆದು, ಹಾರ್ನ್ ಮಾಡಿ, ಲಾರಿ ತನ್ನ ಗೆರೆಯಲ್ಲಿ ಸ್ಥಿರವಾಗಿ ಹೋಗುತ್ತಿದೆಯೇ ಎಂದು ನಾಲ್ಕೈದು ಸೆಕೆಂಡು ನೋಡಬೇಕು. ಲಾರಿಯವನು ಹಾಕುವ ಇಂಡಿಕೇಟರ್ ನೋಡಿ ಮಾತ್ರ ನಂಬಬಾರದು. ಎಡ ಇಂಡಿಕೇಟರ್ ಹಾಕಿದರೆ ‘ಹೋಗು’ ಎಂದು ಕೆಲವರ ಅರ್ಥ. ಬಲ ಇಂಡಿಕೇಟರ್ ಹಾಕಿಯೂ ‘ಬಲಗಡೆಯಿಂದ ಹೋಗು’ ಎನ್ನುವವರಿದ್ದಾರೆ. ಅದೇ ಬಲ ಇಂಡಿಕೇಟರ್‌ಗೆ ‘ನಾನೇ ಬಲಕ್ಕೆ ಬರುತ್ತಿದ್ದೇನೆ’ ಎಂಬ ನಿಜವಾದ ಅರ್ಥವೂ ಇದೆಯಲ್ಲ.

ಈಗ ಮುಂದೆ ನೋಡಿ ಮನಸ್ಸಿನಲ್ಲಿ ಒಂದು ಚಿತ್ರ ಹಿಡಿದುಕೊಳ್ಳಬೇಕು: ರಸ್ತೆ ಎಷ್ಟು ದೂರ ನೇರವಿದೆ, ವಿಭಜಕದಲ್ಲಿ ಸಂದು ಎಲ್ಲಿದೆ, ನೀರು ಎಲ್ಲಿ ನಿಂತಿದೆ. ವಿಭಜಕದ ಉದ್ದಕ್ಕೂ ಬೆಳೆಸಿದ ಕಣಗಿಲೆ ಗಿಡಗಳ ಮರೆಯಲ್ಲಿ ಸಂದು ಬೇಗ ಕಾಣುವುದಿಲ್ಲ. ದನವೋ ಬೈಕೋ ಅಲ್ಲಿಂದ ನುಗ್ಗುವುದುಂಟು. ಬಲತಿರುವಿನಲ್ಲಿ ರಸ್ತೆ ಒಳಗಡೆಗೆ ವಾಲಿರುವುದರಿಂದ ನೀರೆಲ್ಲ ವಿಭಜಕದ ಬುಡಕ್ಕೆ ಬಂದು ನಿಲ್ಲುತ್ತದೆ, ಅಂದರೆ ಸರಿಯಾಗಿ ನೀವು ಓಡಬೇಕಾದ ಜಾಗದಲ್ಲಿ. ಆದ್ದರಿಂದ ಬಲತಿರುವು ಮುಗಿದು ರಸ್ತೆ ನೇರವಾಗುವ ತನಕ ಕಾಯಬೇಕು.

ಚಿತ್ರ ಸರಿಯಿದ್ದರೆ ಗೇರು ಒಂದು ಇಳಿಸಿ ವೇಗ ತೆಗೆದುಕೊಳ್ಳಬೇಕು. ವೇಗವನ್ನು ತಾನಾಗಿ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇದ್ದರೆ ಅದನ್ನು ಆಫ್ ಮಾಡಿರಬೇಕು. ವೈಪರ್ ಅನ್ನು ಅತಿ ವೇಗದ ಹಂತಕ್ಕೆ ಹಾಕಬೇಕಾದ್ದು ಮಬ್ಬು ಶುರುವಾದ ಮೇಲಲ್ಲ, ಅದಕ್ಕೂ ಎರಡು ಸೆಕೆಂಡು ಮೊದಲು. ಮಳೆಗೆ ತಾನಾಗಿ ಓಡುವ ವೈಪರ್ ಇದ್ದರೂ ಅದನ್ನು ನಂಬದೆ ಕೈಯಿಂದಲೇ ಹಾಕಬೇಕು, ಏಕೆಂದರೆ ಅದು ನೀರು ಬಿದ್ದ ಮೇಲೆ ಎಚ್ಚರಗೊಳ್ಳುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲೆ, ಲಾರಿಯಿಂದ ಪಕ್ಕಕ್ಕೆ ಸಾಧ್ಯವಾದಷ್ಟು ಅಂತರ.

ಗಾಲಿಗಳ ಸಮಕ್ಕೆ ಬಂದಾಗ ಕಣ್ಣು ಎಲ್ಲಿರಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ನೀರು ಚಿಮ್ಮುವ ಕಡೆಗೆ, ಅಂದರೆ ಎಡಕ್ಕೆ, ಕಣ್ಣು ತಾನಾಗಿ ಎಳೆಯುತ್ತದೆ. ನೋಡಿದ ಕಡೆಗೇ ಕೈಯೂ ತಿರುಗುತ್ತದೆ. ಹಾಗಾಗದಂತೆ ಬಲಗಡೆ ವಿಭಜಕದ ಹಳದಿ–ಕಪ್ಪು ಬಣ್ಣದ ಅಂಚನ್ನೋ ಅದರ ಪಕ್ಕದ ಗೆರೆಯನ್ನೋ ಹಿಡಿದುಕೊಂಡು ಅದರ ಉದ್ದಕ್ಕೂ ಮುಂದಕ್ಕೆ ನೋಡುತ್ತಿರಬೇಕು. ವೈಪರ್ ಒರೆಸಿದ ಪ್ರತಿ ಸಲವೂ ಕಣ್ಣಿಗೆ ಆ ಅಂಚಿನ ಒಂದು ತುಣುಕು ಸಿಗುತ್ತದೆ, ಅಷ್ಟು ಸಾಕು. ಲಾರಿಯ ನಡುಭಾಗಕ್ಕೆ ಬಂದಾಗ ಸ್ವಲ್ಪ ತಿಳಿಯಾಗುತ್ತದೆ, ಮುಂದಿನ ಗಾಲಿಯ ಬಳಿ ಮತ್ತೊಂದು ಎರಚಲು ಕಾದಿರುತ್ತದೆ. ಇದು ಗೊತ್ತಿಲ್ಲದವರು ನಡುವಿನಲ್ಲಿ ತಿಳಿಯಾದ ಕೂಡಲೇ ಮುಗಿಯಿತೆಂದು ವೇಗ ಇಳಿಸಿ, ಎರಡನೆಯ ಮಬ್ಬಿನಲ್ಲಿ ಲಾರಿಯ ಪಕ್ಕದಲ್ಲೇ ತೂಗಾಡುತ್ತಾರೆ.

ಮುಂದೆ ಬಂದ ಮೇಲೆ ಎಡಕ್ಕೆ ಬರಲು ಆತುರ ಬೇಡ. ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಕಾಣಬೇಕು, ಅನಂತರವೂ ಎರಡು ಮೂರು ಸೆಕೆಂಡು ಬಿಟ್ಟು ಎಡ ಇಂಡಿಕೇಟರ್ ಹಾಕಿ ಬರಬೇಕು. ಈಗ ಅವನ ಗಾಜಿನ ಮೇಲೆ ನೀರೆರಚುವ ಸರದಿ ನಿಮ್ಮದು. ತುಂಬಿದ ಲಾರಿಗೆ ಒದ್ದೆ ರಸ್ತೆಯಲ್ಲಿ ನಿಲ್ಲಲು ಬಹಳ ಜಾಗ ಬೇಕು. ಅವನ ಮುಂದೆ ಬಂದು ಬ್ರೇಕ್ ಒತ್ತಬಾರದು.

ಏನೂ ಕಾಣದೇ ಹೋದರೆ

ಕೆಲವು ವರ್ಷಗಳ ಹಿಂದೆ ನೆಲ್ಯಾಡಿಯ ಈಚೆ ಒಂದು ಟ್ರೈಲರ್ ದಾಟುವಾಗ ನನ್ನ ಎಡ ವೈಪರ್‌ನ ರಬ್ಬರ್ ಅರ್ಧ ಕಿತ್ತು, ಹಾವಿನ ಪೊರೆಯಂತೆ ಗಾಜಿನ ಮೇಲೆ ಹೊರಳಾಡತೊಡಗಿತು. ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಮಾವ, ಹಿಂದೆ ಲಾರಿ ಓಡಿಸಿದ್ದವರು, ‘ಬ್ರೇಕ್ ಬೇಡ ಮಾರಾಯಾ, ಸೀದಾ ಹಿಡಿ’ ಎಂದಷ್ಟೇ ಹೇಳಿದರು. ಹಿಂದೆ ಎಷ್ಟು ಹತ್ತಿರ ಒಂದು ಬಸ್ಸು ಬರುತ್ತಿತ್ತೆಂದು ಗೊತ್ತಾದದ್ದು ಗಾಜು ತಿಳಿಯಾದ ಮೇಲೆ.

ಆ ಮಾತಿನಲ್ಲಿ ಎಲ್ಲ ಇದೆ. ಸ್ಟೀರಿಂಗ್ ನೇರ ಹಿಡಿದಿರಬೇಕು, ಥಟ್ಟನೆ ಬ್ರೇಕ್ ಒತ್ತಬಾರದು, ಬಲಕ್ಕೂ ಎಡಕ್ಕೂ ಎಳೆಯಬಾರದು. ವೈಪರ್ ಎರಡು ಸಲ ಒರೆಸುವಷ್ಟು ಹೊತ್ತು ತಡೆದುಕೊಳ್ಳಬೇಕು. ಅಷ್ಟರಲ್ಲೂ ತಿಳಿಯಾಗದಿದ್ದರೆ ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನವಾಗಿ ಎತ್ತುತ್ತಾ, ಲಾರಿ ಮುಂದೆ ಹೋಗಲು ಬಿಟ್ಟು, ತನ್ನ ಪಥದಲ್ಲೇ ಹಿಂದೆ ಉಳಿಯಬೇಕು. ದಾಟಲು ಹೋಗಿ ಹಿಂದೆ ಬಂದರೆ ಅವಮಾನವೇನೂ ಇಲ್ಲ, ಯಾರೂ ನೋಡುತ್ತಿರುವುದಿಲ್ಲ. ಆ ಮಬ್ಬಿನಲ್ಲಿ ನೋಡಲು ಸಾಧ್ಯವೂ ಇಲ್ಲ.

ಎರಡು ಪಥದ ರಸ್ತೆಯಲ್ಲಿ ಎದುರಿನಿಂದ ಬರುವ ಲಾರಿ ಗುಂಡಿಯ ನೀರನ್ನು ಒಂದೇ ಏಟಿಗೆ ಗಾಜಿಗೆ ಹೊಡೆಯುವುದೂ ಇದೇ ಜಾತಿಯದು. ಲಾರಿ ಹತ್ತಿರವಾಗುವ ಮೊದಲೇ ವೈಪರ್ ಏರಿಸಿ, ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಬಿಳಿಗೆರೆಯನ್ನು ಕಣ್ಣಿನಲ್ಲಿ ಹಿಡಿದಿದ್ದರೆ ಆ ಒಂದು ಸೆಕೆಂಡು ಸುಮ್ಮನೆ ಕಳೆದುಹೋಗುತ್ತದೆ.

ಗಾಳಿ, ಘಾಟಿ ಮತ್ತು ಎಡಗಡೆಯ ಆಸೆ

ಕರಾವಳಿಯ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮುಂಗಾರಿನ ಗಾಳಿ ಬೀಸುವುದು ಪಡುವಣ ಕಡಲಿನ ಕಡೆಯಿಂದ. ಮಂಗಳೂರಿನಿಂದ ಕುಂದಾಪುರದ ಕಡೆಗೆ ಹೋಗುವವರಿಗೆ ಗಾಳಿ ಎಡದಿಂದ ಬಂದು ಲಾರಿಯ ತುಂತುರನ್ನೆಲ್ಲ ಬಲಕ್ಕೆ, ಅಂದರೆ ದಾಟುವ ಕಡೆಗೇ ತಳ್ಳುತ್ತದೆ. ಮೇಲಾಗಿ ಲಾರಿಯ ಮರೆಯಲ್ಲಿ ಗಾಳಿ ತಾಗದೆ ಬಂದ ಕಾರಿಗೆ ಲಾರಿಯ ಮೂತಿ ದಾಟಿದ ಕೂಡಲೇ ಗಾಳಿ ಧುತ್ತನೆ ಹೊಡೆದು ಬಲಕ್ಕೆ ದೂಡುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯಂತಹ ಬಯಲಿನಲ್ಲೂ ನದಿಗಳ ಸೇತುವೆಗಳ ಮೇಲೂ ಇದು ಜೋರು. ಮಂಗಳೂರಿನ ಕಡೆಗೆ ಬರುವವರಿಗೆ ಇದೆಲ್ಲ ತಿರುಗುಮುರುಗು: ದಾಟುವ ಪಕ್ಕ ತಿಳಿಯಾಗಿರುತ್ತದೆ, ಆದರೆ ಗಾಳಿ ಕಾರನ್ನು ಲಾರಿಯ ಕಡೆಗೆ ಒತ್ತುತ್ತದೆ. ತೆಂಗಿನ ಗರಿಗಳು ಯಾವ ಕಡೆ ಬಾಗಿವೆ ಎಂದು ನೋಡಿದರೆ ದಿಕ್ಕು ತಿಳಿಯುತ್ತದೆ.

ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದಲ್ಲಿ ಸಾಮಾನ್ಯವಾಗಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಅವೆಲ್ಲ ಶಿರಾಡಿಗೆ ಬರುತ್ತವೆ, ಮಂಗಳೂರಿನ ಅನಿಲ ತುಂಬಿದ ಬುಲೆಟ್ ಟ್ಯಾಂಕರ್‌ಗಳೂ ಸೇರಿ. ಅಲ್ಲಿ ಲಾರಿಗಳು ಏರುವುದು ನಡಿಗೆಗಿಂತ ಸ್ವಲ್ಪ ವೇಗದಲ್ಲಿ, ತುಂತುರು ಕಡಿಮೆ. ಆದರೆ ಅಲ್ಲಿ ಮಬ್ಬಿನ ಬದಲು ತಿರುವು ದಾರಿಯನ್ನು ಮರೆಮಾಡುತ್ತದೆ. ಘಾಟಿಯ ಬಗ್ಗೆ ಹೇಳಬೇಕಾದ್ದು ಇಷ್ಟೇ: ದಾಟುವುದನ್ನು ಘಾಟಿಯ ಮೇಲಿನ ಸಕಲೇಶಪುರಕ್ಕೋ ಕೆಳಗಿನ ಗುಂಡ್ಯಕ್ಕೋ ಬಿಟ್ಟುಬಿಡುವುದು.

ನಾಲ್ಕು ಪಥದ ರಸ್ತೆಯಲ್ಲಿ ಬಲಪಥ ಬಿಟ್ಟುಕೊಡದ ಲಾರಿಯನ್ನು ಎಡದಿಂದ ದಾಟುವ ಆಸೆ ಎಲ್ಲರಿಗೂ ಬರುತ್ತದೆ. ಎಡಗಡೆ ಲಾರಿ ಚಾಲಕನಿಗೆ ಕಾಣದ ಜಾಗ ಹೆಚ್ಚು. ಅಲ್ಲದೆ ಸರ್ವಿಸ್ ರಸ್ತೆಯಿಂದ ಬರುವವರು, ಕೊಡೆ ಹಿಡಿದು ನಡೆಯುವವರು, ಕೆಟ್ಟು ನಿಂತ ಲಾರಿಗಳು ಎಲ್ಲ ಇರುವುದು ಆ ಕಡೆಯೇ. ಕೆಟ್ಟ ಲಾರಿಯ ಹಿಂದೆ ಗುರುತಿಗೆ ಇಟ್ಟಿರುವುದು ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ. ತುಂತುರಿನೊಳಗಿಂದ ಅದು ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಹಾರ್ನ್ ಮಾಡಿ, ಡಿಪ್ಪರ್ ಹೊಡೆದು, ಕಾಯುವುದೇ ದಾರಿ.

ರಾತ್ರಿಯಾದರೆ ಮೇಲಿನ ಅಂತರಗಳನ್ನೆಲ್ಲ ಇನ್ನಷ್ಟು ಹೆಚ್ಚಿಸಿಕೊಳ್ಳಬೇಕು. ಹಳದಿ ಗಾಜಿನ ‘ನೈಟ್ ಕನ್ನಡಕ’ ಬೆಳಕನ್ನು ಕಡಿಮೆ ಮಾಡುತ್ತದೆ. ಮಳೆಯ ರಾತ್ರಿ ಬೇಕಾದ್ದು ಹೆಚ್ಚು ಬೆಳಕು. ಆಸನವನ್ನು ಎತ್ತರಿಸುವ ಸೌಲಭ್ಯವಿದ್ದರೆ ಒಂದಿಷ್ಟು ಎತ್ತರಿಸಿ ಕೂರುವುದು ಅದಕ್ಕಿಂತ ಉಪಯೋಗ.

ಬೈಕು, ಸ್ಕೂಟರ್‌ನವರಿಗೆ ವೈಪರ್ ಇಲ್ಲ, ಹೆಲ್ಮೆಟ್‌ನ ಗಾಜನ್ನು ಒರೆಸಲು ಒಂದು ಕೈ ಬಿಡಬೇಕು, ಲಾರಿಯ ಪಕ್ಕದ ಗಾಳಿ ಒಮ್ಮೆ ಒಳಗೆ ಎಳೆದು ಇನ್ನೊಮ್ಮೆ ಹೊರಗೆ ತಳ್ಳುತ್ತದೆ. ಜಡಿಮಳೆಯಲ್ಲಿ ಓಡುತ್ತಿರುವ ಲಾರಿಯನ್ನು ಅವರು ದಾಟಬಾರದು. ಹಿಂದೆಯೂ ಅಂಟಿಕೊಂಡು ಹೋಗದೆ, ಬಸ್‌ಸ್ಟ್ಯಾಂಡಿನ ಸೂರಿನಡಿ ನಿಂತು ಲಾರಿಯನ್ನು ಮುಂದೆ ಹೋಗಲು ಬಿಡಬೇಕು.

ಲಾರಿಯೇ ಹತ್ತಿರವಿಲ್ಲದಾಗಲೂ ವೈಪರ್ ಅತಿ ವೇಗದಲ್ಲಿ ಓಡಿ ರಸ್ತೆ ಕಾಣದಿದ್ದರೆ ಕಾರನ್ನೂ ನಿಲ್ಲಿಸಬೇಕು. ನಿಲ್ಲಿಸುವುದು ಹೆದ್ದಾರಿಯ ಅಂಚಿನಲ್ಲಲ್ಲ. ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ಪೂರ್ತಿ ಒಳಗೆ. ಚಹಾ ಬರುವಷ್ಟರಲ್ಲಿ ಒದ್ದೆ ಬಟ್ಟೆಯಿಂದ ವೈಪರ್ ಅಂಚು, ಹೆಡ್‌ಲೈಟ್, ಹಿಂದಿನ ಕೆಂಪು ದೀಪ, ಎರಡು ಪಕ್ಕದ ಕನ್ನಡಿ ಇಷ್ಟನ್ನು ಒರೆಸಿಕೊಂಡರೆ ಮುಂದಿನ ಐವತ್ತು ಕಿಲೋಮೀಟರಿಗೆ ಸಾಕಾಗುತ್ತದೆ.